ಐದು ಪುಸ್ತಕ, ಒಂಬತ್ತನೇ ಪುಟ

ವಸುಧಾ (ಹೆಸರು, ಗುರುತು ಸಿಗುವ ವಿವರಗಳು ಬದಲಾಗಿವೆ), 54 ವರ್ಷ. ರಾತ್ರಿ ಊಟಕ್ಕೆ ಕೂತಿದ್ದ ಗಂಡ ಹೃದಯಾಘಾತವಾಗಿ ಅಲ್ಲೇ ಕುಸಿದರು. ಅದಾಗಿ ಏಳು ತಿಂಗಳಿಗೆ ವಸುಧಾ ಆಪ್ತಸಲಹೆಗೆಂದು ನಮ್ಮಲ್ಲಿ ಬಂದರು.

ಅವರು ಹೇಳಿಕೊಂಡ ದೂರು ದುಃಖದ್ದಲ್ಲ, ಓದಿನದು. "ಪುಸ್ತಕ ಓದೋಕಾಗ್ತಿಲ್ಲ ಮೇಡಂ, ತಲೆಗೇ ಏನೋ ಆಗಿದೆ ಅನ್ಸತ್ತೆ." ಮಗಳು, ನಾದಿನಿ, ಗೆಳತಿಯರು ಐದು ಪುಸ್ತಕ ತಂದುಕೊಟ್ಟಿದ್ದರು. ಐದೂ ಸಂಗಾತಿಯನ್ನು ಕಳೆದುಕೊಂಡವರಿಗೆಂದೇ ಆರಿಸಿದವು. ಯಾವುದೂ ಹತ್ತು ಪುಟ ದಾಟಿರಲಿಲ್ಲ. ಎರಡನೇ ಭೇಟಿಗೆ ಐದನ್ನೂ ಚೀಲದಲ್ಲಿ ಹಾಕಿಕೊಂಡು ಬರಲು ಹೇಳಿದೆವು. ಒಂದರಲ್ಲಿ ಒಂಬತ್ತನೇ ಪುಟದ ಬಳಿ ಔಷಧಿ ಚೀಟಿ ಸಿಕ್ಕಿಸಿತ್ತು, ಇನ್ನೊಂದರ ಪ್ಲಾಸ್ಟಿಕ್ ಹೊದಿಕೆಯನ್ನೇ ಬಿಚ್ಚಿರಲಿಲ್ಲ.

ತಲೆಗೆ ಏನೂ ಆಗಿರಲಿಲ್ಲ. ನಿದ್ದೆ ಕೆಟ್ಟಾಗ, ಆ ರಾತ್ರಿಯ ದೃಶ್ಯ ಕರೆಯದೆಯೇ ಕಣ್ಣೆದುರು ಬರುತ್ತಿರುವಾಗ, ಓದಿದ ಸಾಲನ್ನು ಮುಂದಿನ ಸಾಲು ಬರುವತನಕ ಹಿಡಿದಿಟ್ಟುಕೊಳ್ಳುವ ಶಕ್ತಿ ಕುಗ್ಗುತ್ತದೆ. ಹೊಸದಾಗಿ ಸಾವು ಕಂಡ ಬಹಳ ಜನರಿಗೆ ಹೀಗಾಗುತ್ತದೆ. ಅದರ ಜೊತೆಗೆ ಪುಸ್ತಕದ ಆಯ್ಕೆಯೂ ಎಡವಟ್ಟಾಗಿತ್ತು.

ಚೀಟಿ ಸಿಕ್ಕಿಸಿದ್ದ ಪುಸ್ತಕ ಜೋನ್ ಡಿಡಿಯನ್ ಅವರ 'ದಿ ಇಯರ್ ಆಫ್ ಮ್ಯಾಜಿಕಲ್ ಥಿಂಕಿಂಗ್' (2005). ಒಳ್ಳೆಯ ಪುಸ್ತಕ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಶುರುವಾಗುವುದೇ ರಾತ್ರಿ ಊಟದ ಹೊತ್ತಿನಲ್ಲಿ ಲೇಖಕಿಯ ಗಂಡ ಮಾತಾಡುತ್ತಲೇ ಕುಸಿದ ಘಟನೆಯಿಂದ. ವಸುಧಾ ಒಂಬತ್ತನೇ ಪುಟದಲ್ಲಿ ನಿಂತದ್ದು ಸೋಮಾರಿತನದಿಂದಲ್ಲ. ಅವರು ತಮ್ಮ ಮನೆಯ ಊಟದ ಕೋಣೆಯನ್ನೇ ಓದುತ್ತಿದ್ದರು. ಕೊಟ್ಟವರು ಹಿಂಬದಿಯ ರಕ್ಷಾಪುಟ ಓದಿದ್ದರೇ ಹೊರತು ಮೊದಲ ಅಧ್ಯಾಯವನ್ನಲ್ಲ.

ಇನ್ನೊಂದು ಕೈಪಿಡಿಯಲ್ಲಿ ದುಃಖದ ಐದು ಹಂತಗಳ ಪಟ್ಟಿ ಇತ್ತು: ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಕೊಳ್ಳುವಿಕೆ. "ಏಳು ತಿಂಗಳಾದ್ರೂ ನಂಗೆ ಸಿಟ್ಟೇ ಬಂದಿಲ್ಲ, ಎಲ್ಲೋ ಸಿಕ್ಕಾಕೊಂಡಿದೀನಿ" ಎಂಬ ಹೊಸ ಚಿಂತೆ ಅದರಿಂದ ಹತ್ತಿಕೊಂಡಿತ್ತು. ಮನೋವೈದ್ಯೆ ಎಲಿಜಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಆ ಹಂತಗಳನ್ನು ವಿವರಿಸಿದ್ದು ಸಾವನ್ನು ಎದುರು ನೋಡುತ್ತಿದ್ದ ರೋಗಿಗಳ ಜೊತೆಗಿನ ಮಾತುಕತೆಯಿಂದ. ಹಿಂದೆ ಉಳಿದವರಿಗೆ ಅದನ್ನು ಹಚ್ಚಿದ್ದು ಆಮೇಲೆ. ಸರದಿಯಲ್ಲಿ ಏರಬೇಕಾದ ಮೆಟ್ಟಿಲುಗಳು ಅವಲ್ಲ. ಇದನ್ನು ಕೇಳಿ ವಸುಧಾ ಒಂದು ನಿಮಿಷ ಸುಮ್ಮನಿದ್ದು, "ಹಾಗಾದ್ರೆ ಈ ಪುಸ್ತಕ ವಾಪಸ್ ಕೊಡ್ಬಹುದಾ?" ಎಂದರು. ಕೊಡಬಹುದು.

ನಾವು ಹೆಚ್ಚು ನೆಚ್ಚುವುದು ದುಃಖದ ಬಗ್ಗೆ ಸಂಶೋಧನೆ ಮಾಡಿದ ಸ್ಟ್ರೋಬ್ ಮತ್ತು ಶುಟ್ 1999ರಲ್ಲಿ ಮುಂದಿಟ್ಟ ಮಾದರಿಯನ್ನು. ಅದರ ಪ್ರಕಾರ ಮನಸ್ಸು ಒಮ್ಮೆ ಕಳೆದುಕೊಂಡವರ ಕಡೆ, ಒಮ್ಮೆ ಮುಂದಿನ ಬದುಕಿನ ಕೆಲಸಗಳ ಕಡೆ ತೂಗಾಡುತ್ತದೆ. ಈ ತೂಗಾಟವೇ ಆರೋಗ್ಯ. ಓದನ್ನೂ ಅದಕ್ಕೆ ಹೊಂದಿಸಿದೆವು. ದಿನಕ್ಕೆ ಹತ್ತೇ ನಿಮಿಷ, ಮೊಬೈಲ್‌ನಲ್ಲಿ ಟೈಮರ್ ಇಟ್ಟು, ಹಗಲಲ್ಲಿ, ಕುರ್ಚಿಯಲ್ಲಿ ಕೂತು. ಹಾಸಿಗೆಯ ಮೇಲೆ ಬೇಡ, ಮಲಗುವ ಮುಂಚೆಯಂತೂ ಬೇಡವೇ ಬೇಡ. ಕೈಯಲ್ಲಿ ಪೆನ್ಸಿಲ್. 'ಹೌದು, ಹೀಗೇ' ಅನ್ನಿಸಿದ ಸಾಲಿಗೆ ಒಂದು ಗೀಟು, 'ಇದು ನನ್ನದಲ್ಲ' ಅನ್ನಿಸಿದರೆ ಅಡ್ಡಗೆರೆ, 'ಈಗ ಬೇಡ' ಅನ್ನಿಸಿದ ಕಡೆ ಸೊನ್ನೆ ಹಾಕಿ ಪುಟ ಹಾರಿಸುವುದು. ಟೈಮರ್ ಕೂಗಿದ ಮೇಲೆ ಅರ್ಧ ಗಂಟೆ ಬದುಕಿನ ಕಡೆಯ ಒಂದು ಕೆಲಸ: ಬ್ಯಾಂಕ್ ಖಾತೆಯ ಹೆಸರು ಬದಲಾವಣೆ, ವಿಮೆಯ ಅರ್ಜಿ, ಗಂಡ ನೋಡಿಕೊಳ್ಳುತ್ತಿದ್ದ ಬಿಲ್‌ಗಳನ್ನು ಕಟ್ಟುವುದನ್ನು ಕಲಿಯುವುದು.

ಎದೆ ಹೊಡೆದುಕೊಂಡರೆ, ಆ ರಾತ್ರಿ ಕಣ್ಣೆದುರು ಓಡತೊಡಗಿದರೆ ಪುಸ್ತಕ ಮುಚ್ಚಬೇಕು. ಪಾದ ನೆಲಕ್ಕೆ ಊರಿ ಕೋಣೆಯಲ್ಲಿ ಕಾಣುವ ಐದು ವಸ್ತುಗಳ ಹೆಸರು ಹೇಳಬೇಕು, ಮುಖಕ್ಕೆ ತಣ್ಣೀರು ಹಾಕಿಕೊಳ್ಳಬೇಕು. ಆ ದಿನ ಮತ್ತೆ ತೆರೆಯುವುದು ಬೇಡ.

ಮೊದಲ ವಾರವೇ ಇದು ಹಳಿ ತಪ್ಪಿತು. ಶಿಸ್ತಿನ ಮನುಷ್ಯೆ, ಹತ್ತು ನಿಮಿಷ 'ಏನೂ ಸಾಲದು' ಎಂದು ನಲವತ್ತು ನಿಮಿಷ ಓದಿದರು. ಎರಡು ರಾತ್ರಿ ನಿದ್ದೆ ಹೋಯಿತು. ಮೂರನೇ ಭೇಟಿಯಲ್ಲಿ ಮತ್ತೆ ಹತ್ತಕ್ಕೇ ಇಳಿಸಿ, ಪುಸ್ತಕವನ್ನೂ ಬದಲಿಸಿದೆವು. ಸಿ. ಎಸ್. ಲೂಯಿಸ್ ಅವರ 'ಎ ಗ್ರೀಫ್ ಅಬ್ಸರ್ವ್ಡ್' (1961) ಹೆಂಡತಿಯನ್ನು ಕಳೆದುಕೊಂಡವರು ಬರೆದದ್ದು, ಆದರೆ ಪುಟ್ಟದು, ನಾಲ್ಕೇ ಭಾಗ. ದೇವರ ಮೇಲಿನ ಮುನಿಸನ್ನು ಮುಚ್ಚಿಡದೆ ಬರೆದ ಪುಸ್ತಕ. ಪ್ರಾರ್ಥನೆ ನಿಲ್ಲಿಸಿ ಅದಕ್ಕಾಗಿ ನಾಚುತ್ತಿದ್ದ ವಸುಧಾ ಅವರಿಗೆ ಗಂಡಸು ಬರೆದದ್ದೆಂಬುದು ಅಡ್ಡಿಯಾಗಲಿಲ್ಲ. ಗೀಟುಗಳು ಬಿದ್ದವು.

ಡಿಡಿಯನ್ ಪುಸ್ತಕಕ್ಕೆ ಮರಳಿದ್ದು ಆರನೇ ಭೇಟಿಯಲ್ಲಿ, ಅದೂ ಮೊದಲಿಂದಲ್ಲ. ಗಂಡ ವಾಪಸ್ ಬಂದರೆ ಬೇಕಾಗುತ್ತದೆಂದು ಆಕೆ ಅವನ ಷೂಗಳನ್ನು ಯಾರಿಗೂ ಕೊಡಲಾರದೆ ಹೋಗುವ ಭಾಗವನ್ನಷ್ಟೇ ಕೂತು ಓದಿದೆವು. ವಸುಧಾ ಆಗ ಮೊದಲ ಬಾರಿಗೆ ಹೇಳಿದರು: ಗಂಡನ ಮೊಬೈಲನ್ನು ಇವತ್ತಿಗೂ ದಿನಾ ರಾತ್ರಿ ಚಾರ್ಜಿಗೆ ಹಾಕುತ್ತಾರೆ, ಅವರ ಕಡೆಯ ಮೇಜಿನ ಮೇಲೆ. ಮಗಳಿಗೂ ಗೊತ್ತಿಲ್ಲ. ನಿಲ್ಲಿಸಿ ಎಂದು ನಾವು ಹೇಳಲಿಲ್ಲ. ನಿಲ್ಲಿಸಲು ಕಾರಣವೂ ಇರಲಿಲ್ಲ.

ಕೈಪಿಡಿಗಳಲ್ಲಿ ಕಾಣುವ 'ಒಂದು ವರ್ಷ ದೊಡ್ಡ ನಿರ್ಧಾರ ಬೇಡ' ಎಂಬ ಸಲಹೆಯನ್ನು ಅರ್ಧ ಮಾತ್ರ ಒಪ್ಪಬೇಕು. ಮನೆ ಮಾರುವುದು, ಕೆಲಸ ಬಿಡುವುದು, ಕೂಡಿಟ್ಟ ಹಣವನ್ನು ಇನ್ನೊಬ್ಬರ ಕೈಗೆ ಕೊಡುವುದು, ಅಂದರೆ ಹಿಂದಕ್ಕೆ ತರಲಾಗದವು, ಕಾಯಲಿ. ಗಡುವು ಇರುವ ಅರ್ಜಿಗಳು ಕಾಯುವುದಿಲ್ಲ. ಈ ಸಲಹೆ ನಂಬಿಕೊಂಡು ವಸುಧಾ ವಿಮೆಯ ಕಾಗದವನ್ನೂ ಬದಿಗಿಟ್ಟಿದ್ದರು.

ಯಾವ ಪುಸ್ತಕಕ್ಕೂ ಬಿಡಲಾಗದ ಪ್ರಶ್ನೆಯೊಂದಿದೆ. "ಅವರ ಜೊತೆಗೇ ಹೋಗ್ಬಿಡಬೇಕಿತ್ತು" ಎಂದು ವಸುಧಾ ಅಂದಾಗ, ಸಾಯುವ ಯೋಚನೆ ಇದೆಯೇ, ಹೇಗೆ ಎಂದು ಯೋಚಿಸಿದ್ದೀರಾ ಎಂದು ನೇರವಾಗಿಯೇ ಕೇಳಿದೆವು. ಕೇಳಿದರೆ ಆ ಯೋಚನೆ ಹುಟ್ಟಿಬಿಡುತ್ತದೆ ಎಂಬುದು ತಪ್ಪು ಭಯ. ಅವರಲ್ಲಿದ್ದದ್ದು ಹಂಬಲ, ಯೋಜನೆಯಲ್ಲ. ಯೋಜನೆ ಇದ್ದಿದ್ದರೆ ಓದನ್ನೆಲ್ಲ ಬದಿಗಿಟ್ಟು ಅವತ್ತೇ ಮನೋವೈದ್ಯರ ಬಳಿ ಕಳಿಸುತ್ತಿದ್ದೆವು. ದೀರ್ಘಕಾಲದ ದುಃಖದ ಕಾಯಿಲೆ ಎಂದು ಗುರುತಿಸಲು ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11 ಕನಿಷ್ಠ 6 ತಿಂಗಳು ಕಳೆದಿರಬೇಕು ಎನ್ನುತ್ತದೆ, ಅಮೆರಿಕದ ಮನೋವೈದ್ಯರ ಸಂಘದ 2022ರ ಕೈಪಿಡಿ ಡಿಎಸ್‌ಎಂ-5-ಟಿಆರ್ ದೊಡ್ಡವರಲ್ಲಿ 12 ತಿಂಗಳು ಎನ್ನುತ್ತದೆ. ಕಾಲ ಕಳೆದದ್ದೊಂದೇ ಸಾಲದು, ದುಃಖ ದಿನದಿನದ ಬದುಕನ್ನು ಗಣನೀಯವಾಗಿ ಕೆಡಿಸಿರಬೇಕು. ವಸುಧಾ ಕೆಲಸಕ್ಕೆ ಹೋಗುತ್ತಿದ್ದರು, ಊಟ ಮಾಡುತ್ತಿದ್ದರು. ಹನ್ನೆರಡನೇ ತಿಂಗಳಿಗೆ ಮತ್ತೆ ನೋಡುವುದೆಂದು ಬರೆದಿಟ್ಟೆವು.

ಮಗಳನ್ನು ಒಮ್ಮೆ ಕರೆಸಿದ್ದೆವು. ಒಂದು ಪುಸ್ತಕದ ಮೊದಲ ಪುಟದಲ್ಲಿ ಅವಳು 'ಅಮ್ಮಾ, ಬೇಗ ಮೊದಲಿನ ಹಾಗಾಗು' ಎಂದು ಬರೆದಿದ್ದಳು. ಓದಲಾಗದ ದಿನಗಳಲ್ಲಿ ಆ ಸಾಲು ಗಡುವಿನ ಹಾಗೆ ಕಾಡಿತ್ತು. ಅವಳಿಗೆ ಹೇಳಿದ್ದು ಇಷ್ಟು: ಕೊಡುವುದಾದರೆ ಒಂದೇ ಕೊಡಿ. ಮೊದಲ ಇಪ್ಪತ್ತು ಪುಟ ನೀವೇ ಓದಿ, ಸಾವು ಹೇಗಾಯಿತು ಎಂಬುದು ಅಲ್ಲಿ ಬರುತ್ತದೆಯೇ ನೋಡಿ. ಬಿಲ್ ಜೊತೆಗಿಡಿ, ಬದಲಿಸಿಕೊಳ್ಳಲಿ. ಓದಿದೆಯಾ ಎಂದು ಕೇಳಬೇಡಿ.

"ಮತ್ತೆ ಮೊದಲ ಪುಟದಲ್ಲಿ ಏನ್ ಬರೀಲಿ?" ಎಂದಳು. ಹೆಸರು, ತಾರೀಖು ಸಾಕು ಎಂದೆವು.