ಗೆಳತಿಯ ಮದುವೆಗೆ ನಿಮ್ಮ ಲೆಕ್ಕದ ಪುಸ್ತಕ ಒಯ್ಯಬೇಡಿ

ಪ್ರಶ್ನೆ: ಹಾಸನದಲ್ಲಿ ಶಾಲಾ ಶಿಕ್ಷಕಿ ನಾನು. ಮುಂದಿನ ತಿಂಗಳು ಸಾಗರದ ಹತ್ತಿರ ಆಪ್ತ ಗೆಳತಿಯ ಮದುವೆ. ಮನೆಯಂಗಳದಲ್ಲೇ ಮಂತ್ರ ಮಾಂಗಲ್ಯ (ಪುರೋಹಿತರಿಲ್ಲದೆ ಪ್ರತಿಜ್ಞೆ ಓದಿ ಆಗುವ ಸರಳ ಮದುವೆ), ವಾಲಗದ ಬದಲು ಚಂಡೆ-ಮದ್ದಳೆ, ಬಸ್ ಟಿಕೆಟ್‌ನಂಥ ಕರೆಯೋಲೆ, ಬಂದವರಿಗೆಲ್ಲ ಒಂದೊಂದು ಸಸಿ, ಉಡುಗೊರೆ ಬೇಡ. ಅದಾಗಿ ನಾಲ್ಕು ತಿಂಗಳಿಗೆ ನನ್ನ ಮದುವೆ. ಎರಡೂ ಮನೆ ಸೇರಿ ಆರು ಲಕ್ಷ ಇಟ್ಟಿದ್ದೇವೆ, ಸಾಲ ಮಾಡುವುದಿಲ್ಲ. ಛತ್ರಕ್ಕೆ ಮುಂಗಡ ಕೊಟ್ಟಿದ್ದೇವೆ; ಹಿಂದಿನ ಸಂಜೆ ಆರತಕ್ಷತೆ, ಮಾರನೇ ದಿನ ಧಾರೆ. ಅವಳ ತಯಾರಿ ನೋಡಿದರೆ ಖುಷಿಯಾಗುತ್ತದೆ, ಹಿಂದೆಯೇ ನನ್ನದು ಸಪ್ಪೆ ಅನ್ನಿಸಿ ಸಂಕಟವೂ ಆಗುತ್ತದೆ. ಅವಳ ಹಾಗೇ ಮಾಡಿದರೆ ಖರ್ಚೂ ಉಳಿಯುತ್ತದಲ್ಲವೇ ಎಂದರೆ ಅಮ್ಮ ಒಪ್ಪುತ್ತಿಲ್ಲ. ಏನು ಮಾಡಲಿ?

ಉತ್ತರ: ಉಳಿಯುವುದಿಲ್ಲ. ಅಮ್ಮನ ಕಾರಣ ಬೇರೆ ಇರಬಹುದು, ಆದರೆ ಲೆಕ್ಕ ಅವರ ಕಡೆಗೇ ಇದೆ. ಗೆಳತಿಯ ಮದುವೆ ಅಗ್ಗವಾಗಿ ಕಾಣುವುದು ಅಂಗಳ ಅವರದೇ ಆಗಿರುವುದರಿಂದ. ಚಪ್ಪರದ ಸೋಗೆ ತೋಟದ್ದು, ಕಟ್ಟುವವರು ಊರಿನವರು. ಅವಳ ಅಪ್ಪ-ಅಮ್ಮ ಎಷ್ಟೋ ವರ್ಷ ಬೇರೆಯವರ ಮನೆಗೆ ಮುಯ್ಯಾಳಾಗಿ ದುಡಿದದ್ದು ಈಗ ವಾಪಸು ಬರುತ್ತಿದೆ. ಅದನ್ನೇ ನೀವು ಬಾಡಿಗೆ ತೋಟದಲ್ಲಿ ಮಾಡಲು ಹೊರಟರೆ ಶಾಮಿಯಾನ, ಕುರ್ಚಿ, ಜನರೇಟರ್, ನೀರಿನ ಟ್ಯಾಂಕರ್, ತಾತ್ಕಾಲಿಕ ಶೌಚಾಲಯ, ಹಾಸನದಿಂದ ಜನರನ್ನು ಕರೆತರುವ ಬಸ್ಸು, ಹೀಗೆ ಒಂದೊಂದಕ್ಕೂ ಬೇರೆ ಬಿಲ್ಲು. ಮೇಲೆ ಛತ್ರದ ಮುಂಗಡವೂ ಹೋಯಿತು.

ಸಸಿಯ ವಿಷಯವೂ ಹಾಗೇ. ಅವಳ ನೆಂಟರಿಗೆ ಹಿತ್ತಲಿದೆ, ಜೀಪಿದೆ. ನಿಮ್ಮವರಲ್ಲಿ ಅರ್ಧ ಜನ ಸರ್ಕಾರಿ ಬಸ್ಸು ಹಿಡಿದು ಹೋಗುವವರು. ಒದ್ದೆ ಮಣ್ಣಿನ ಪ್ಲಾಸ್ಟಿಕ್ ಚೀಲ ಸಂಜೆಗೆ ಛತ್ರದ ಕುರ್ಚಿಗಳ ಕೆಳಗೆ ಸಿಗುತ್ತದೆ. ಚಂಡೆ ಬಯಲಿನ ವಾದ್ಯ. ಕಾಂಕ್ರೀಟ್ ಸೂರಿನ ಛತ್ರದೊಳಗೆ ಬಾರಿಸಿದರೆ ಸದ್ದು ಗೋಡೆಗೆ ಬಡಿದು ಬಡಿದು, ಪುರೋಹಿತರ ಮಂತ್ರವೂ ಕೇಳಿಸದು, ಪಕ್ಕದವರ ಮಾತೂ ಕೇಳಿಸದು. ಬೇಕೇ ಬೇಕೆಂದರೆ ವರನನ್ನು ಎದುರುಗೊಳ್ಳುವಾಗ ಬಾಗಿಲ ಹೊರಗೆ ಹತ್ತು ನಿಮಿಷ ಇರಲಿ, ಗಟ್ಟಿಮೇಳ ವಾಲಗದವರಿಗೇ ಬಿಡಿ. ಬಸ್ ಟಿಕೆಟ್ ಕರೆಯೋಲೆಯನ್ನು ಮಾತ್ರ ಕಣ್ಣುಮುಚ್ಚಿ ನಕಲು ಮಾಡಬಹುದಿತ್ತು, ಆದರೆ ಅದು ಅವಳದು, ಬಿಟ್ಟುಬಿಡಿ. ಅರಿಶಿನ-ಕುಂಕುಮದ ಜೊತೆ ಕೈಗೆ ಕೊಡಲೇಬೇಕಾದ ಮನೆಗಳಿಗಷ್ಟೇ, ಅಂದರೆ ನೂರೈವತ್ತರ ಆಸುಪಾಸು, ಸಾದಾ ಕಾರ್ಡ್ ಹಾಕಿಸಿ. ಉಳಿದವರಿಗೆ ಫೋನ್ ಮಾಡಿ ಕರೆದು ವಾಟ್ಸಾಪ್‌ನಲ್ಲಿ ಕಳಿಸಿದರೆ ಸಾಕು.

ಮಂತ್ರ ಮಾಂಗಲ್ಯದ ಬಗ್ಗೆ ಸ್ವಲ್ಪ ಖಾರವಾಗಿ ಹೇಳಬೇಕಾಗಿದೆ. 1966ರಲ್ಲಿ ಕುವೆಂಪು ತಮ್ಮ ಮಗ ತೇಜಸ್ವಿಯವರ ಮದುವೆಯನ್ನು ಈ ರೀತಿಯಲ್ಲಿ ಮಾಡಿಸಿದ್ದು ದುಡ್ಡು ಉಳಿಸಲಿಕ್ಕಷ್ಟೇ ಅಲ್ಲ. ಪುರೋಹಿತ, ಜಾತಕ, ವರದಕ್ಷಿಣೆ ಯಾವುದೂ ಬೇಡ ಎಂಬ ನಿಲುವಿನಿಂದ. ಮುಹೂರ್ತ ಇಡಿಸಿಕೊಂಡು, ಧಾರೆ ಎರೆಸಿಕೊಂಡು, ನಡುವೆ ಚೆಂದಕ್ಕೆಂದು ಆ ಪ್ರತಿಜ್ಞೆಗಳನ್ನು ಓದಿಸುವುದು ಎರಡಕ್ಕೂ ಅವಮಾನ. ನೀವಿಬ್ಬರೂ ನಿಜವಾಗಿ ಅದನ್ನು ನಂಬಿದ್ದರೆ ಅಮ್ಮನ ಬಳಿ ಆ ಮಾತನ್ನೇ ಆಡಿ, ಖರ್ಚಿನ ನೆಪ ಬೇಡ. ಆಗ 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗುವುದು ಸುರಕ್ಷಿತ. ನಿಮ್ಮಿಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿರಬೇಕು, ನೋಟಿಸ್ ಕೊಟ್ಟು 30 ದಿನ ಕಾಯಬೇಕು, ಮೂವರು ಸಾಕ್ಷಿಗಳು ಬೇಕು. ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಮದುವೆ ಮುಗಿಯಬೇಕು, ಇಲ್ಲದಿದ್ದರೆ ಮತ್ತೆ ಮೊದಲಿಂದ. ಆದ್ದರಿಂದ ಇವತ್ತೇ ಓಡಿಹೋಗಿ ಅರ್ಜಿ ಹಾಕಬೇಡಿ.

ಇನ್ನು ನಿಜವಾಗಿ ದುಡ್ಡು ಉಳಿಯುವ ಜಾಗ. ಆರತಕ್ಷತೆ ಊಟ ಎಲೆಗೆ 320 ರೂಪಾಯಿಯಂತೆ 350 ಜನಕ್ಕೆ 1,12,000. ಧಾರೆ ಊಟ 260ರಂತೆ 400 ಜನಕ್ಕೆ 1,04,000 ಎಂದು ಇಟ್ಟುಕೊಳ್ಳಿ. ಎರಡೂ ಕಡೆ ಬರುವವರು ಬಹುಪಾಲು ಅವರೇ. ಸಂಜೆಯ ಕಾರ್ಯಕ್ರಮ ತೆಗೆದು ಧಾರೆಯ ನಂತರ ಅದೇ ವೇದಿಕೆಯಲ್ಲಿ ಆರತಕ್ಷತೆ ಮಾಡಿದರೆ ಮಧ್ಯಾಹ್ನದ ಊಟ 550 ಎಲೆಗೆ ಏರುತ್ತದೆ, 1,43,000. ಅಂದರೆ 73,000 ಉಳಿತಾಯ. ಹಿಂದಿನ ರಾತ್ರಿ ಮನೆಯವರಿಗೆ ಅನ್ನ-ಸಾರು ಎಂದು ಏಳೆಂಟು ಸಾವಿರ ಕಳೆಯಿರಿ, ಆಮೇಲೆ ಎರಡನೇ ಸಲದ ಹೂವಿನ ಅಲಂಕಾರ, ಲೈಟು, ಫೋಟೋದವರ ಅರ್ಧ ದಿನ, ಒಂದು ರೇಷ್ಮೆ ಸೀರೆ ಕೂಡಿಸಿಕೊಳ್ಳಿ.

ಇದು ಕೆಡುವುದು ಪಂಕ್ತಿಯಲ್ಲಿ. ಊಟದ ಮನೆಯಲ್ಲಿ ಒಮ್ಮೆಗೆ 150 ಜನ ಕೂತರೆ 550ಕ್ಕೆ ನಾಲ್ಕು ಪಂಕ್ತಿ. ಎಲೆ ಎತ್ತಿ ಒರೆಸುವುದೂ ಸೇರಿ ಒಂದಕ್ಕೆ 40 ನಿಮಿಷ. ಮುಹೂರ್ತ ಹನ್ನೆರಡಕ್ಕೆ ಇಟ್ಟರೆ ಕೊನೆಯವರು ಏಳುವುದು ಮೂರರ ಮೇಲೆ, ಸಕ್ಕರೆ ಕಾಯಿಲೆಯ ಹಿರಿಯರು ಫೋಟೋದ ಸಾಲಿನಲ್ಲೇ ಕುಸಿಯುತ್ತಾರೆ. ಹತ್ತು ಗಂಟೆಯೊಳಗಿನ ಲಗ್ನ ಕೇಳಿ, ಹನ್ನೆರಡಕ್ಕೆ ಮೊದಲ ಪಂಕ್ತಿ ಕೂರಿಸಿ, ವಯಸ್ಸಾದವರನ್ನು ವೇದಿಕೆಗೆ ಕಾಯಿಸದೆ ನೇರ ಊಟಕ್ಕೆ ಕಳಿಸಿ. ಅಡುಗೆ ಗುತ್ತಿಗೆದಾರರು ಎಲೆ ಲೆಕ್ಕದಲ್ಲಿ ಹಣ ಕೇಳುವವರಾದರೆ, ಹಾಸಿದ ಎಲೆಯ ಮುಂದೆ ಯಾರೂ ಕೂರದಿದ್ದರೂ ಅದು ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಜನ ಕೂತ ಮೇಲೆ ಎಲೆ ಹಾಸಿ ಎಂದು ಮೊದಲೇ ಹೇಳಿ. ಪ್ರತಿ ಪಂಕ್ತಿ ಮುಗಿದಾಗ ನಿಮ್ಮ ಸೋದರಮಾವನೋ ಚಿಕ್ಕಪ್ಪನೋ ಅವರ ಹುಡುಗನ ಜೊತೆ ನಿಂತು ಎಣಿಸಿ ಚೀಟಿಗೆ ಇಬ್ಬರೂ ಸಹಿ ಹಾಕಲಿ. ಸಂಜೆ ಲೆಕ್ಕಕ್ಕೆ ಕೂತಾಗ ಜಗಳ ಹುಟ್ಟುವುದು ಈ ಚೀಟಿ ಇಲ್ಲದ ಮನೆಗಳಲ್ಲಿ.

ಗೆಳತಿಯ ಮದುವೆಗೆ ಒಂದು ದಿನ ಮೊದಲೇ ಹೋಗಿ ಏನಾದರೂ ಕೆಲಸ ವಹಿಸಿಕೊಳ್ಳಿ. ಪಾನಕ ಹಂಚುವುದೋ, ಬಡಿಸುವುದೋ. ಕೈಗೆ ಕೆಲಸವಿದ್ದರೆ ಹೋಲಿಸಲು ಪುರುಸೊತ್ತು ಸಿಗದು. ಪಕ್ಕಕ್ಕೆ ನಿಂತು ಫೋಟೋ ತೆಗೆಯುತ್ತಿದ್ದರೆ ಮಾತ್ರ ನಿಮ್ಮ ಛತ್ರ ನೆನಪಾಗಿ ಮುಖ ಬಾಡುತ್ತದೆ, ಅದು ಅವಳಿಗೂ ಗೊತ್ತಾಗುತ್ತದೆ. ಉಡುಗೊರೆ ಬೇಡವೆಂದು ಅವಳೇ ಹೇಳಿರುವಾಗ ಕವರ್ ಒಯ್ಯಬೇಡಿ, ಹೊಸ ಸೀರೆಯೂ ಬೇಡ. ಯಾವುದಕ್ಕೆ ಎಷ್ಟಾಯಿತು ಎಂದು ಈಗ ಕೇಳಬೇಡಿ. ಹದಿನೈದು ದಿನ ಬಿಟ್ಟು ಕೇಳಿ, ಅಷ್ಟರಲ್ಲಿ ಅವಳಿಗೂ ಬಿಲ್ಲುಗಳೆಲ್ಲ ಬಂದಿರುತ್ತವೆ.

ಈ ವಾರ ಛತ್ರದ ಮ್ಯಾನೇಜರಿಗೆ ಫೋನ್ ಮಾಡಿ. ಹಿಂದಿನ ಸಂಜೆ ಬಿಟ್ಟರೆ ಬಾಡಿಗೆಯಲ್ಲಿ ಏನು ಇಳಿಸುತ್ತೀರಿ; ಕರೆಂಟು ಮೀಟರಿನ ಪ್ರಕಾರವೋ ಬಾಡಿಗೆಯಲ್ಲೇ ಸೇರಿದೆಯೋ; ಜನರೇಟರ್ ಡೀಸೆಲ್, ಸ್ವಚ್ಛತೆ, ಗ್ಯಾಸ್ ಯಾರ ತಲೆಗೆ? ಉತ್ತರವನ್ನು ರಸೀದಿಯ ಹಿಂದೆ ಬರೆಸಿಕೊಳ್ಳಿ.