ಯಾರ ಮನೆ ಹುಡುಗ ಅಂತ ಜರ್ಮನಿಯಲ್ಲೂ ಕೇಳುತ್ತಾರಾ?

ತಮ್ಮಾ, ನಿನ್ನ ಪತ್ರ ಓದಿದೆ. ಹೊಸನಗರ ಕಡೆಯವನು, ಸ್ಟುಟ್‌ಗಾರ್ಟ್‌ನಲ್ಲಿ ಎಂಎಸ್‌ಗೆ ಸೀಟು ಸಿಕ್ಕಿದೆ, ಅಪ್ಪ ಸರ್ಕಾರಿ ಜಾಗದಲ್ಲಿ ಬಗರ್ ಹುಕುಂ ಗದ್ದೆ ಮಾಡುತ್ತಾರೆ, ಅಮ್ಮ ಸೀಸನ್ನಿನಲ್ಲಿ ಅಡಿಕೆ ಸುಲಿಯಲು ಹೋಗುತ್ತಾರೆ ಅಂತ ಬರೆದಿದ್ದೀಯ. ರೂಮು, ಊಟ, ಚಳಿ, ಪಾರ್ಟ್‌ಟೈಮ್ ಕೆಲಸ ಎಲ್ಲ ಕೇಳಿ ಕೊನೆಗೆ ಒಂದು ಸಾಲು ಸೇರಿಸಿದ್ದೀಯ: "ಅಲ್ಲಿ ಯಾರ ಮನೆ ಹುಡುಗ ಅಂತ ಯಾರೂ ಕೇಳುವುದಿಲ್ಲ, ಬುದ್ಧಿ ಇದ್ದವನು ಮೇಲೆ ಬರುತ್ತಾನೆ, ಅಲ್ವಾ ಅಣ್ಣಾ?" ನನಗೆ ಆ ಸಾಲಿಗೇ ಉತ್ತರ ಬರೆಯಬೇಕು ಅನಿಸಿತು. ನಾನೂ ಅದೇ ನಂಬಿಕೆ ಹೊತ್ತು ಇಲ್ಲಿ ಬಂದು ಇಳಿದವನು.

ಮೊದಲು ಸಣ್ಣಪುಟ್ಟದ್ದು ಮುಗಿಸುತ್ತೇನೆ. ಸ್ಟುಡೆಂಟ್ ಹಾಸ್ಟೆಲ್ಲಿಗೆ ಅರ್ಜಿ ಇವತ್ತೇ ಹಾಕು. ದಪ್ಪ ಜಾಕೆಟ್ ಅಲ್ಲಿಂದ ಹೊತ್ತು ತರಬೇಡ, ಇಲ್ಲಿ ಸಿಗುತ್ತದೆ. ಮಳೆಯ ಬಗ್ಗೆ ನಮ್ಮ ಕಡೆಯವರಿಗೆ ಹೇಳುವಂಥದ್ದೇನೂ ಇಲ್ಲ. ಅಪ್ಪೆಮಿಡಿ ಉಪ್ಪಿನಕಾಯಿ ತಾ. ತುಪ್ಪ ಬೇಡ, ಹಾಲಿನ ಪದಾರ್ಥಗಳನ್ನು ಹೊರಗಿನಿಂದ ಯುರೋಪಿಗೆ ತರುವಂತಿಲ್ಲ. ಅಮ್ಮನಿಗೆ ಬೇಜಾರಾದರೂ ಮೊದಲೇ ಹೇಳಿಬಿಡು. ಓದುವಾಗ ವರ್ಷಕ್ಕೆ 140 ಪೂರ್ತಿ ದಿನ ಕೆಲಸ ಮಾಡಬಹುದು, ಅರ್ಧ ದಿನವಾದರೆ 280. ಆದರೆ ಬಂದ ತಿಂಗಳೇ ಕೆಲಸ ಸಿಗುತ್ತದೆ ಅಂತ ಲೆಕ್ಕ ಹಾಕಿಕೊಂಡು ಬರಬೇಡ.

ಇನ್ನು ದುಡ್ಡು. ವೀಸಾಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ 11,904 ಯೂರೋ ತೋರಿಸಬೇಕು. ಇಲ್ಲಿಗೆ ಬಂದ ಮೇಲೆ ಅದರಲ್ಲಿ ತಿಂಗಳಿಗೆ 992 ಯೂರೋ ಕೈಗೆ ಬರುತ್ತದೆ. ಜರ್ಮನಿಯಲ್ಲಿ ಫೀಸೇ ಇಲ್ಲ ಅಂತ ಕನ್ಸಲ್ಟೆನ್ಸಿಯವರು ಹೇಳಿರುತ್ತಾರೆ. ಎಲ್ಲ ಕಡೆ ಹಾಗಿಲ್ಲ. ಸ್ಟುಟ್‌ಗಾರ್ಟ್ ಇರುವುದು ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ. ಅಲ್ಲಿ ಯುರೋಪಿನ ಹೊರಗಿನಿಂದ ಬರುವ ನಮ್ಮಂಥವರಿಗೆ 2017ರಿಂದ ಸೆಮಿಸ್ಟರಿಗೆ 1,500 ಯೂರೋ ಫೀಸು.

ಯಾರ ಮನೆ ಹುಡುಗ ಅನ್ನುವ ಪ್ರಶ್ನೆ ಬರುವುದು ಇಲ್ಲಿ ನೋಡು. ವಿಮಾನ ಹತ್ತುವುದಕ್ಕಿಂತ ಮೊದಲು, ತಾಲ್ಲೂಕಿನ ಬ್ಯಾಂಕಿನಲ್ಲಿ. ಶಿಕ್ಷಣ ಸಾಲ 7.5 ಲಕ್ಷ ದಾಟಿದರೆ ಸರ್ಕಾರಿ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿ ಆಧಾರ ಕೇಳುತ್ತವೆ. ನನ್ನ ಸಾಲದ ದಿನ ಮ್ಯಾನೇಜರ್ ನನ್ನ ಮಾರ್ಕ್ಸ್ ಕಾರ್ಡಿನ ಮೇಲೆ ಸುಮ್ನೆ ಕಣ್ಣಾಡಿಸಿ ಪಕ್ಕಕ್ಕಿಟ್ಟರು. ಪಹಣಿಯನ್ನು ಮಾತ್ರ ಬೆರಳಿಟ್ಟು ಓದಿದರು. ಮಾಲೀಕರ ಹೆಸರಿನ ಕಾಲಂ 9ರಲ್ಲಿ ಇನ್ನೂ ಅಜ್ಜನ ಹೆಸರೇ ಇತ್ತು. ಅಜ್ಜ ಹೋಗಿ ಎಷ್ಟೋ ಕಾಲವಾಗಿತ್ತು. "ಪೌತಿ ಖಾತೆ ಮಾಡಿಸಿಕೊಂಡು ಬನ್ನಿ" ಅಂದರು. ಅಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು. ಎದುರಿಗೆ ಕುರ್ಚಿ ಖಾಲಿ ಇತ್ತು, ಕೂರಲಿಲ್ಲ. ಖಾತೆ ಬದಲಾಯಿತು, ಚಿಕ್ಕಪ್ಪಂದಿರಿಬ್ಬರೂ ಹಿಸ್ಸೆ ಕೇಳದೆ ಸಹಿ ಹಾಕಿದರು, ಸಾಲ ಸಿಕ್ಕಿತು.

ಆ ಪಹಣಿ ನಮ್ಮ ಮನೆಗೆ ಬಂದಿದ್ದು ಹೇಗೆ ಅಂತಲೂ ಹೇಳಬೇಕು. ನಮ್ಮದು ಗೇಣಿ ಒಕ್ಕಲಿನ ಮನೆ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ರೈತರು ಎದ್ದು ನಿಂತಿದ್ದು ನೀನು ಓದಿರುತ್ತೀಯ. ಗೇಣಿ ಭತ್ತ ಅಳೆಯುವ ಕೊಳಗದ ಜಗಳ ದೊಡ್ಡ ಹೋರಾಟವಾಯಿತು. ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ, ಉಳುವವನೇ ಹೊಲದೊಡೆಯ ಅಂತ ಕಾನೂನು ಬಂತು. ಆಮೇಲೂ ಭೂಮಿ ತಾನಾಗಿ ಬರಲಿಲ್ಲ, ಇದನ್ನು ಉಳುವವನು ನಾನೇ ಅಂತ ಡಿಕ್ಲರೇಷನ್ ಹಾಕಬೇಕಿತ್ತು. ಒಡೆಯರ ಮುಖ ನೋಡುವುದು ಹೇಗೆ ಅಂತ ಹೆದರಿ ಎಷ್ಟೋ ಜನ ಹಾಕಲೇ ಇಲ್ಲ. ಅಜ್ಜ ಹಾಕಿದರು. ಒಡೆಯರ ಮನೆ ಅಂಗಳದಲ್ಲಿ ನಿಂತು ಮಾತಾಡಿ ಬರುತ್ತಿದ್ದ ಮನುಷ್ಯ, ಜಗಲಿ ಹತ್ತಿದವರಲ್ಲ. ಹೆಬ್ಬೆಟ್ಟು ಒತ್ತಿ ಅರ್ಜಿ ಕೊಟ್ಟರು. ನನ್ನ ಇಂಜಿನಿಯರಿಂಗ್ ಡಿಗ್ರಿಗಿಂತ ಆ ಹೆಬ್ಬೆಟ್ಟಿಗೆ ಬ್ಯಾಂಕಿನಲ್ಲಿ ಬೆಲೆ ಜಾಸ್ತಿ ಸಿಕ್ಕಿತು.

ನನ್ನ ಜೊತೆ ಶಿವಮೊಗ್ಗದಲ್ಲಿ ಓದಿದ ಒಬ್ಬ ಗೆಳೆಯನಿದ್ದಾನೆ. ಲೆಕ್ಕದಲ್ಲಿ ನನಗಿಂತ ಎಷ್ಟೋ ಮುಂದೆ. ನಾನು ಅವನ ನೋಟ್ಸ್ ನೋಡಿಯೇ ಪಾಸಾದವನು. ಅವನಿಗೂ ಇಲ್ಲಿಂದ ಅಡ್ಮಿಷನ್ ಪತ್ರ ಬಂದಿತ್ತು. ಅವರದ್ದು ಮುಳುಗಡೆ ಕುಟುಂಬ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯುವ ಹೊತ್ತಿಗೆ ಅವರ ಊರು ಶರಾವತಿ ಹಿನ್ನೀರಿನ ಅಡಿಗೆ ಹೋಯಿತು. ಲಾರಿಯಲ್ಲಿ ಸಾಮಾನು ತುಂಬಿ ಕರೆತಂದು ಕಾಡಿನಲ್ಲಿ ಇಳಿಸಿದರಂತೆ. ಕಾಡು ಕಡಿದು ತೋಟ ಮಾಡಿದರು, ಅಡಿಕೆ ಫಸಲಿಗೂ ಬಂತು. ಆದರೆ ಕಾಗದದಲ್ಲಿ ಅದು ಅರಣ್ಯ. ನಾಡಿಗೆಲ್ಲ ಕರೆಂಟು ಕೊಟ್ಟ ಮನೆಗಳವು, ಹಕ್ಕುಪತ್ರಕ್ಕೆ ಇವತ್ತಿಗೂ ಅಲೆಯುವವರಿದ್ದಾರೆ. ಕಣ್ಣೆದುರಿಗೆ ತೋಟ ಇದೆ, ಪಹಣಿ ಇಲ್ಲ. ಅವನ ಪತ್ರದ ಗಡುವು ಮುಗಿದುಹೋಯಿತು.

ಅಯ್ಯೋ ಪಾಪ ಅನ್ನಬೇಡ, ಅವನಿಗೆ ಅದು ಹಿಡಿಸುವುದಿಲ್ಲ. ಈಗ ಅಡಿಕೆ ಚೇಣಿ, ಅಂದರೆ ಬೇರೆಯವರ ತೋಟದ ಫಸಲಿನ ಗುತ್ತಿಗೆ, ಹಿಡಿಯುತ್ತಾನೆ, ಮನೆ ಕಟ್ಟಿದ್ದಾನೆ, ಮಂಡಿಯಲ್ಲಿ ಅವನ ಮಾತಿಗೆ ಬೆಲೆ ಇದೆ. ಊರಿಗೆ ಹೋದಾಗ ಸಿಗುತ್ತಾನೆ. "ಲೆಕ್ಕದಲ್ಲಿ ನಾನೇ ಮುಂದಿದ್ದೆ ಕಣೋ" ಅಂತ ನಗುತ್ತಾನೆ. ನಾನೂ ನಗುತ್ತೇನೆ. ಊರಲ್ಲಿ ಯಾರಾದರೂ ನನ್ನ ಬಗ್ಗೆ "ಸ್ವಂತ ಬುದ್ಧಿಯಿಂದ ಮೇಲೆ ಬಂದ ಹುಡುಗ" ಅಂದಾಗ ಅವನು ಪಕ್ಕದಲ್ಲಿದ್ದರೆ ನನಗೆ ಮುಖ ಎತ್ತಲು ಆಗುವುದಿಲ್ಲ.

ಇಲ್ಲಿಗೆ ಬಂದ ಮೇಲೆ ಜಾತಿ, ಮನೆತನ ಯಾರೂ ಕೇಳುವುದಿಲ್ಲ, ನಿಜ. ಜರ್ಮನ್ನರು ಕೇಳುವುದಿಲ್ಲ. ನಮ್ಮವರ ಹಬ್ಬದ ಊಟಕ್ಕೆ ಹೋದರೆ "ಹೊಸನಗರದಲ್ಲಿ ಎಲ್ಲಿ? ಯಾರ ಪೈಕಿ?" ಅಂತ ಕೇಳುವವರು ಸಿಗುತ್ತಾರೆ. ಎರಡನೇ ಪ್ರಶ್ನೆ ಯಾಕೆ ಅಂತ ನಿನಗೆ ಬಿಡಿಸಿ ಹೇಳಬೇಕಿಲ್ಲ. ಊಟ ಚೆನ್ನಾಗಿರುತ್ತದೆ, ಹೋಗು.

ಆದರೆ ಯಾರೂ ಕೇಳದೆ ಇದ್ದರೂ ಮನೆ ನಮ್ಮ ಜೊತೆಗೇ ಬಂದಿರುತ್ತದೆ. ಇಲ್ಲಿ ಪರೀಕ್ಷೆ ಫಲಿತಾಂಶ ಬಂದ ಮೇಲೆ ಉತ್ತರ ಪತ್ರಿಕೆ ನೋಡಲು ಒಂದು ದಿನ ಇಡುತ್ತಾರೆ. ಬೆಂಗಳೂರಿನ ಒಬ್ಬ ಸಹಪಾಠಿ, ಅಪ್ಪ ಕಂಪನಿಯಲ್ಲಿ ದೊಡ್ಡ ಹುದ್ದೆ, ಹೋಗಿ ಎದುರಿಗೆ ಕೂತು "ಈ ಹೆಜ್ಜೆಗೆ ಮಾರ್ಕ್ಸ್ ಬರಬೇಕು" ಅಂತ ವಾದ ಮಾಡಿದ. ಕೊಟ್ಟರು. ಗ್ರೇಡ್ ಒಂದು ಮೆಟ್ಟಿಲು ಏರಿತು. ಪಕ್ಕದ ಮೇಜಿನಲ್ಲಿ ನನ್ನ ಪತ್ರಿಕೆಯಲ್ಲೂ ಅದೇ ಹೆಜ್ಜೆ ಹಾಗೇ ಇತ್ತು. ನಾನು ಥ್ಯಾಂಕ್ಸ್ ಹೇಳಿ ಪತ್ರಿಕೆ ಮರಳಿಸಿ ಬಂದೆ. ಮೇಷ್ಟರ ಎದುರು ಮಾರ್ಕ್ಸಿಗೆ ಬಾಯಿ ಮಾಡಬಹುದು ಅನ್ನುವುದೇ ನನ್ನ ತಲೆಯಲ್ಲಿರಲಿಲ್ಲ. ಅವನು ಅದನ್ನು ಎಲ್ಲೂ ಕಲಿತಿದ್ದಲ್ಲ, ಅವರ ಮನೆಯಲ್ಲಿ ಊಟದ ಹೊತ್ತಿಗೆ ದೊಡ್ಡವರ ಜೊತೆ ಹಾಗೆ ಮಾತಾಡಿಯೇ ಬೆಳೆದಿದ್ದ. ನಮ್ಮ ಮನೆಯಲ್ಲಿ ದೊಡ್ಡವರು ಬಂದರೆ ಒಳಗೆ ಹೋಗು ಅನ್ನುತ್ತಿದ್ದರು. ಪ್ರೊಫೆಸರ್‌ಗಳು ಭೇಟಿಗೆ ಅಂತ ಸಮಯ ಇಟ್ಟಿರುತ್ತಾರೆ. ಆ ಬಾಗಿಲ ಹೊರಗೆ ನಿಂತಾಗೆಲ್ಲ ನನಗೆ ಜಗಲಿ ಹತ್ತದ ಅಜ್ಜನ ನೆನಪು. ನೀನು ಹತ್ತು. ಮೊದಲ ವಾರವೇ ಬಾಗಿಲು ತಟ್ಟಿ ಹೆಸರು ಹೇಳಿ ಬಾ, ಕೇಳಲು ದೊಡ್ಡ ಪ್ರಶ್ನೆ ಇಲ್ಲದಿದ್ದರೂ ಪರವಾಗಿಲ್ಲ.

ಇದು ನಮ್ಮವರ ಪಾಡು ಮಾತ್ರ ಅಂದುಕೊಳ್ಳಬೇಡ. ಇಲ್ಲಿ ಹೆಚ್ಚಿನ ರಾಜ್ಯಗಳಲ್ಲಿ ನಾಲ್ಕನೇ ಕ್ಲಾಸು ಮುಗಿದ ಕೂಡಲೇ ಮಕ್ಕಳನ್ನು ಬೇರೆಬೇರೆ ಶಾಲೆಗೆ ಹಂಚುತ್ತಾರೆ. ಯೂನಿವರ್ಸಿಟಿಗೆ ಹೋಗುವ ದಾರಿ ಹತ್ತು ವರ್ಷದ ಮಗುವಿಗೇ ಅರ್ಧ ತೀರ್ಮಾನ. 2018ರಲ್ಲಿ ಪ್ರಕಟವಾದ ಇಲ್ಲಿನ ಒಂದು ಅಧ್ಯಯನದ ಪ್ರಕಾರ ಡಿಗ್ರಿ ಓದಿದವರ ನೂರು ಮಕ್ಕಳಲ್ಲಿ 79 ಮಂದಿ ಯೂನಿವರ್ಸಿಟಿ, ಕಾಲೇಜು ಸೇರುತ್ತಾರೆ, ಓದದವರ ನೂರರಲ್ಲಿ 27. ಅದೇ ವರ್ಷ ಒಇಸಿಡಿ ಅನ್ನುವ ಅಂತರರಾಷ್ಟ್ರೀಯ ಆರ್ಥಿಕ ಸಂಸ್ಥೆ ಒಂದು ಲೆಕ್ಕ ಹಾಕಿತು: ಬಡವರ ಮನೆ ಆ ದೇಶದ ಸರಾಸರಿ ಆದಾಯಕ್ಕೆ ಬಂದು ಮುಟ್ಟಲು ಡೆನ್ಮಾರ್ಕ್‌ನಲ್ಲಿ 2 ತಲೆಮಾರು, ಜರ್ಮನಿಯಲ್ಲಿ 6, ಭಾರತದಲ್ಲಿ 7. ಎಲ್ಲ ಬಿಟ್ಟು ಇಷ್ಟು ದೂರ ಬಂದು ಒಂದು ತಲೆಮಾರು ಉಳಿಸಿದೆವು ನೋಡು! ನನ್ನ ಆಫೀಸಿನಲ್ಲಿ ಲಾರಿ ಡ್ರೈವರ್ ಮಗನೊಬ್ಬ ಇದ್ದಾನೆ, ಅಪ್ಪಟ ಜರ್ಮನ್. ಅವನಿಗೂ ಮೀಟಿಂಗಿನಲ್ಲಿ ಬಾಯಿ ಬಿಡಲು ನನ್ನಷ್ಟೇ ಕಷ್ಟ. ಅವನೇ ನನಗೆ ಆರ್ಬೈಟರ್‌ಕಿಂಡ್ ಅನ್ನುವ ಸಂಸ್ಥೆಯ ಬಗ್ಗೆ ಹೇಳಿದ್ದು. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರಿಗಾಗಿ 2008ರಲ್ಲಿ ಶುರುವಾದದ್ದು. ಬಂದವನೇ ಅವರನ್ನು ಹುಡುಕು, ಸಂಕೋಚ ಬೇಡ.

ಇನ್ನೊಂದು, ಇದು ಖುಷಿಯ ವಿಷಯ. ಇಂಗ್ಲಿಷಿನಲ್ಲಿ ಕಾನ್ವೆಂಟಿನವರ ಎದುರು ನೀನು ತಡವರಿಸಬಹುದು. ಜರ್ಮನ್ ಭಾಷೆಯಲ್ಲಿ ಅವರಿಗೂ ನಿನಗೂ ಒಂದೇ ಅ ಆ ಇ ಈ. ಅಪ್ಪನ ದುಡ್ಡು, ಶಾಲೆಯ ಹೆಸರು ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಕೂತು ಕಲಿತವನು ಗೆಲ್ಲುತ್ತಾನೆ. ಜರ್ಮನ್ ಭಾಷೆಯ ಬಿ1 ಹಂತ ಅಲ್ಲಿಂದಲೇ ಮುಗಿಸಿಕೊಂಡು ಬಾ.

ಕೆಲಸ ಸಿಕ್ಕ ಮೇಲೂ ಅಂತರ ಇರುತ್ತದೆ, ಈಗಲೇ ಗೊತ್ತಿರಲಿ. ಆ ಬೆಂಗಳೂರಿನ ಹುಡುಗ ಬೇಗ ಫ್ಲ್ಯಾಟ್ ಕೊಂಡ. ಅಷ್ಟೇ ಸಂಬಳದಲ್ಲಿ ನನ್ನದು ಸಾಲದ ಕಂತು, ತಂಗಿಯ ಮದುವೆ, ಕೊಳೆರೋಗ ಬಂದು ಅಡಿಕೆಯೆಲ್ಲ ಉದುರಿದ ವರ್ಷ ಸೊಸೈಟಿ ಬಾಕಿ. ಕಳಿಸಿದ್ದಕ್ಕೆ ನನಗೆ ಬೇಜಾರಿಲ್ಲ. ಅವನ ಪಕ್ಕ ನಿಂತು ನಿನ್ನನ್ನು ಅಳೆದುಕೊಳ್ಳಬೇಡ ಅಂತ ಹೇಳಿದೆ ಅಷ್ಟೇ.

ಈಗ ನೀನು ಮಾಡಬೇಕಾದ್ದು. ಅಪ್ಪನ ಗದ್ದೆ ಮಂಜೂರಾಗಿ ಸಾಗುವಳಿ ಚೀಟಿ ಸಿಕ್ಕಿದೆಯಾ, ಪಹಣಿಯಲ್ಲಿ ಹೆಸರು ಬಂದಿದೆಯಾ ಅಂತ ಮೊದಲು ನೋಡು. ಬಂದಿಲ್ಲದಿದ್ದರೆ ಆಧಾರವಿಲ್ಲದೆ ಸಾಲ ಕೊಡುವ ಖಾಸಗಿಯವರ ಹತ್ತಿರ ಓಡಬೇಡ, ಬಡ್ಡಿ ತಿಂದುಹಾಕುತ್ತದೆ. ಕೇಂದ್ರ ಸರ್ಕಾರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ. ಅದು ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯದವರಿಗಷ್ಟೇ ಅಲ್ಲ, ಭೂಮಿ ಇಲ್ಲದ ಕೃಷಿ ಕಾರ್ಮಿಕರ ಮಕ್ಕಳಿಗೂ ಇದೆ. ಕಾಗದದಲ್ಲಿ ಭೂಮಿ ಇಲ್ಲ ಅಂತ ಬ್ಯಾಂಕು ಸಾಲ ಕೊಡುವುದಿಲ್ಲ ಅಂದರೆ, ಅದೇ ಕಾಗದ ಹಿಡಿದು ತಾಲ್ಲೂಕು ಕಚೇರಿಯಲ್ಲಿ ಭೂಮಿ ಇಲ್ಲದ ಕೃಷಿ ಕಾರ್ಮಿಕರು ಅನ್ನುವ ಸರ್ಟಿಫಿಕೇಟ್ ಕೇಳು. ಅಪ್ಪನನ್ನೂ ಕರೆದುಕೊಂಡು ಹೋಗು, ಖಾಲಿ ಕುರ್ಚಿ ಇದ್ದರೆ ಕೂರಿಸು. ಏನು ಹೇಳಿದರು ಅಂತ ನನಗೆ ಬರೆ, ಬ್ಲಾಕ್ಡ್ ಅಕೌಂಟಿನ ವಿಷಯ ಆಮೇಲೆ ನೋಡೋಣ.