ಹಾಲುಹಲ್ಲು ತಾನೇ, ಹೇಗೂ ಬೀಳ್ತದೆ ಅಂದರೆ?

ಪ್ರಶ್ನೆ: ನಾನು ಶಿರಸಿ ತಾಲೂಕಿನ ಹಳ್ಳಿಯೊಂದರ ಅಂಗನವಾಡಿ ಕಾರ್ಯಕರ್ತೆ. ಮೂರು-ನಾಲ್ಕು ವರ್ಷದ ಹಲವು ಮಕ್ಕಳ ಮೇಲಿನ ಮುಂದಿನ ಹಲ್ಲುಗಳು ಕಪ್ಪಾಗಿ ಮುರಿದಿವೆ. ಮನೆಯವರಿಗೆ ಹೇಳಿದರೆ, ‘ಹಾಲುಹಲ್ಲು ತಾನೇ ಅಕ್ಕೋರೆ, ಹೇಗೂ ಬೀಳ್ತದೆ’ ಅಂತಾರೆ. ಜೋನಿ ಬೆಲ್ಲ ಬಿಡಿಸಿ ಅಂದರೆ ಅಜ್ಜಿಯರಿಗೆ ಸಿಟ್ಟು. ಏನು ಹೇಳಲಿ?

ಉತ್ತರ: ಅಕ್ಕೋರೆ, ಇದು ನಿಮ್ಮ ಕಣ್ಣಿಗೆ ಬಿದ್ದಿದ್ದು ಆ ಮಕ್ಕಳ ಪುಣ್ಯ.

ಮುಂದಿನ ಹಾಲುಹಲ್ಲು ಆರೇಳು ವರ್ಷಕ್ಕೆ ಬೀಳುವುದು ನಿಜ. ಆದರೆ ದವಡೆಯ ಹಾಲುಹಲ್ಲು 10–12 ವರ್ಷದವರೆಗೂ ಇರಬೇಕು. ಅಲ್ಲಿಯವರೆಗೆ ಮಗು ಅಗಿಯುವುದು ಅದರಲ್ಲೇ. ಅದು ಬೇಗ ಹೋದರೆ ಪಕ್ಕದ ಹಲ್ಲು ಆ ಜಾಗಕ್ಕೆ ವಾಲುತ್ತದೆ. ಆಮೇಲೆ ಬರುವ ಹೊಸ ಹಲ್ಲು ಜಾಗ ಸಾಲದೆ ಸೊಟ್ಟಗೆ ಹುಟ್ಟಬಹುದು. ಇನ್ನು ನೋವು. ‘ಊಟ ಮಾಡಲ್ಲ, ಬರೀ ಹಠ’ ಅಂತ ಬೈಸಿಕೊಳ್ಳುವ ಮಗುವಿಗೆ ಹಲ್ಲುನೋವು ಇರಬಹುದು. ನಾಲ್ಕು ವರ್ಷದ ಕೂಸಿಗೆ ಅದನ್ನು ಹೇಳಲು ಬರುವುದಿಲ್ಲ, ಅಲ್ವಾ?

ಅಜ್ಜಿಯರ ಜತೆ ಜಗಳ ಬೇಡ. ದೋಸೆಯ ಜತೆ ಜೋನಿ ಬೆಲ್ಲ ಇರಲಿ, ಆಲೆಮನೆ ದಿನ ತೊಡದೇವೂ ತಿನ್ನಲಿ. ಹಲ್ಲಿನ ಮಟ್ಟಿಗೆ ಬೆಲ್ಲವೂ ಸಕ್ಕರೆಯೇ, ಅದನ್ನು ಮುಚ್ಚಿಡಬೇಡಿ. ಆದರೆ ದಿನಕ್ಕೆ ಎಷ್ಟು ಸಲ ತಿಂದರು ಅನ್ನುವುದು ತುಂಬಾ ಮುಖ್ಯ. ಸಿಹಿ ಬಾಯಿಗೆ ಬಿದ್ದ ಪ್ರತಿ ಸಲ ಬ್ಯಾಕ್ಟೀರಿಯಾ ಆಮ್ಲ ಮಾಡುತ್ತವೆ. ಜೊಲ್ಲು ಅದನ್ನು ತಣಿಸಲು ಅರ್ಧ ಗಂಟೆಗೂ ಜಾಸ್ತಿ ಬೇಕಾಗಬಹುದು. ಅಷ್ಟರಲ್ಲಿ ಇನ್ನೊಂದು ಚಾಕಲೇಟು, ಮತ್ತೊಂದು ಬಿಸ್ಕತ್ತು ಬಂದರೆ ಹಲ್ಲಿಗೆ ಬಿಡುವೇ ಇಲ್ಲ. ಸಿಹಿ ಊಟ-ತಿಂಡಿಯ ಜತೆಗೇ ಮುಗಿಯಲಿ.

ಒಂದಕ್ಕೆ ಮಾತ್ರ ಬಿಲ್‌ಕುಲ್ ಒಪ್ಪಬೇಡಿ. ಬಾಟಲಿ ಹಾಲು ಅಥವಾ ಸಿಹಿ ಬಾಯಲ್ಲಿಟ್ಟುಕೊಂಡು ಮಲಗುವುದು. ನಿದ್ದೆಯಲ್ಲಿ ಜೊಲ್ಲು ಕಡಿಮೆ. ಕೆಳಗಿನ ಹಲ್ಲನ್ನು ನಾಲಿಗೆ ಕಾಯುತ್ತದೆ, ಮೇಲಿನ ಮುಂದಿನ ಹಲ್ಲಿಗೆ ಆ ಆಸರೆ ಇಲ್ಲ. ನೀವು ನೋಡಿದ ಹಲ್ಲುಗಳು ಅವೇ.

ಹಾಗಾಗಿ ರಾತ್ರಿ ಮಲಗುವ ಮುಂಚೆ ಹಲ್ಲುಜ್ಜಲೇಬೇಕು, ಬೆಳಿಗ್ಗೆಯೂ ಸರಿ. ಏಳೆಂಟು ವರ್ಷದವರೆಗೆ ದೊಡ್ಡವರೇ ಉಜ್ಜಿಸಬೇಕು. ಮಗುವಿನ ತಲೆ ತೊಡೆಯ ಮೇಲಿಟ್ಟುಕೊಂಡರೆ ಸುಲಭ. ಫ್ಲೋರೈಡ್ ಇರುವ ಪೇಸ್ಟು, ಅದರಲ್ಲಿ ಫ್ಲೋರೈಡ್ ಸುಮಾರು 1000 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಕ್ಕೆ ಸಾವಿರ ಭಾಗ. ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು. ಉಗುಳಿದರೆ ಸಾಕು, ನೀರು ಹಾಕಿ ಮುಕ್ಕಳಿಸುವುದು ಬೇಡ. ಇದ್ದಿಲ ಪುಡಿ ಹಲ್ಲನ್ನು ಸವೆಸುತ್ತದೆ, ಬಿಟ್ಟುಬಿಡಿ.

ಅಂಗನವಾಡಿಯಲ್ಲಿ ನೀವೇ ಮಾಡಬಹುದಾದ ಒಂದು ಕೆಲಸವಿದೆ. ತಿಂಗಳಿಗೊಮ್ಮೆ ಮಗುವಿನ ಮೇಲ್ತುಟಿ ಎತ್ತಿ ನೋಡಿ. ಒಸಡಿನ ಅಂಚಿಗೆ ಸುಣ್ಣ ಬಳಿದಂತೆ ಬಿಳಿ ಗೆರೆ ಕಂಡರೆ ಹುಳುಕಿನ ಶುರು ಅದು. ಆಗ ಇನ್ನೂ ಹೊತ್ತು ಮೀರಿಲ್ಲ. ದಿನಾ ಪೇಸ್ಟು ಹಾಕಿ ಉಜ್ಜಿ, ದಂತವೈದ್ಯರಿಂದ ಫ್ಲೋರೈಡ್ ವಾರ್ನಿಶ್ (ಹಲ್ಲಿಗೆ ಬಳಿಯುವ ಫ್ಲೋರೈಡ್ ಲೇಪ) ಹಚ್ಚಿಸಿದರೆ ಅದು ಅಲ್ಲೇ ನಿಲ್ಲಬಹುದು. ತಾಯಂದಿರ ಸಭೆಯಲ್ಲಿ ಕನ್ನಡಿ ಕೊಟ್ಟು ಅವರಿಂದಲೇ ನೋಡಿಸಿ. ಭಾಷಣಕ್ಕಿಂತ ಅದು ಜಾಸ್ತಿ ನಾಟುತ್ತದೆ.

ಮಕ್ಕಳ ಆರೋಗ್ಯ ತಪಾಸಣೆಗೆಂದೇ ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ಅದರ ತಂಡ ಅಂಗನವಾಡಿಗೆ ವರ್ಷಕ್ಕೆರಡು ಸಲ ಬರಬೇಕು. ಹುಳುಕುಹಲ್ಲು ಅವರ ತಪಾಸಣೆಯ ಪಟ್ಟಿಯಲ್ಲೇ ಇದೆ. ಮಕ್ಕಳ ಹೆಸರು ಬರೆದಿಟ್ಟು ಅವರಿಗೆ ತೋರಿಸಿ. ಆದರೆ ಯಾವುದೇ ಮಗುವಿನ ಕೆನ್ನೆ ಊದಿ ಜ್ವರ ಬಂದರೆ ತಂಡಕ್ಕೆ ಕಾಯಬೇಡಿ. ಅದೇ ದಿನ ಆಸ್ಪತ್ರೆಗೆ ಕಳಿಸಿ.